ಉತ್ತರದ ನಾಲ್ಕು ಅಂಕಣ

ಮೊದಲ ದಿನ ನನ್ನ ಮೇಜಿನ ಮೇಲೆ ಇಟ್ಟದ್ದು ಮುನ್ನೂರಕ್ಕೂ ಹೆಚ್ಚು ಜೆರಾಕ್ಸ್ ಹಾಳೆಗಳ ಒಂದು ಕಟ್ಟು, ಒಂದು ಭೂತಗನ್ನಡಿ, ಚೂಪಾಗಿ ಹೆರೆದ ಎರಡು ಪೆನ್ಸಿಲ್. ಹಾಳೆಗಳ ತುಂಬ ಬಲಕ್ಕೆ ವಾಲಿದ ಇಂಗ್ಲಿಷ್ ಕರ್ಸಿವ್ ಬರಹ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಜಪಾನಿನ ಒಂದು ಬಂದರು ಊರಿನಲ್ಲಿ ಎರಡಂತಸ್ತಿನ ಗೋದಾಮು ಕಟ್ಟಿಸಿದ್ದರು. ಆ ಕಾಮಗಾರಿಯ ದಿನಚರಿ ಅದು. ಬರೆದವನು ಕೆಲಸ ನೋಡಿಕೊಳ್ಳಲು ಲಂಡನ್ನಿನಿಂದ ಬಂದಿದ್ದ ಮೇಲ್ವಿಚಾರಕ.

ಜಪಾನಿನ ತ್ಸುಕುಬಾ ನಗರದ ಆ ಪ್ರಯೋಗಾಲಯದಲ್ಲಿ ಕಾಂಕ್ರೀಟಿನ ವಿಷಯ ಗೊತ್ತಿಲ್ಲದವಳು ನಾನೊಬ್ಬಳೇ. ಇಂಗ್ಲಿಷ್ ಅಚ್ಚಕ್ಷರವನ್ನು ಅಲ್ಲಿ ಎಲ್ಲರೂ ಓದುತ್ತಿದ್ದರು. ಆದರೆ ಈ ಕೈಬರಹ ಮಾತ್ರ ಯಾರಿಗೂ ಹತ್ತುತ್ತಿರಲಿಲ್ಲ. ನಗರದ ವಿದೇಶಿಯರ ನೆರವು ಕೇಂದ್ರದ ಬೋರ್ಡಿನಲ್ಲಿ ‘ಹಳೆಯ ಇಂಗ್ಲಿಷ್ ಕೈಬರಹ ಓದಬಲ್ಲವರು ಬೇಕು’ ಎಂಬ ಚೀಟಿ ಕಂಡಾಗ, ಮಗಳನ್ನು ಕಿಂಡರ್‌ಗಾರ್ಟನ್ನಿಗೆ ಬಿಟ್ಟು ಸೈಕಲ್ಲಿನಲ್ಲಿ ಮನೆಗೆ ಮರಳುತ್ತಿದ್ದೆ. ಮೈಸೂರಿನ ಕಾನ್ವೆಂಟಿನಲ್ಲಿ ನಾಲ್ಕು ಗೆರೆಯ ಕಾಪಿಪುಸ್ತಕದಲ್ಲಿ ಏಳು ವರ್ಷ ಬರೆದವಳು ನಾನು. ಅಕ್ಷರದ ಬಾಲ ಗೆರೆ ದಾಟಿದರೆ ಸಿಸ್ಟರ್ ಇಡೀ ಪುಟ ಮತ್ತೆ ಬರೆಸುತ್ತಿದ್ದರು. ಬೋರ್ಡಿಗೆ ಅಂಟಿಸಿದ್ದ ಮಾದರಿ ಸಾಲನ್ನು ನಿಂತಲ್ಲೇ ಓದಿಬಿಟ್ಟೆ.

ಗಂಡನ ವೀಸಾದ ಮೇಲೆ ಬಂದವಳು ನಾನು. ಕೆಲಸ ಮಾಡಲು ಪಾಸ್‌ಪೋರ್ಟಿನಲ್ಲಿ ಬೇರೆ ಮುದ್ರೆ ಬೇಕಿತ್ತು. ಅದಕ್ಕೆ ಅರ್ಜಿ ತುಂಬುವಾಗ ಇವರು ನಕ್ಕರು.

“ಕಾಂಕ್ರೀಟಾ? ನಿಂಗೆ ಸಿಮೆಂಟ್ ಯಾವ್ದು, ವಿಭೂತಿ ಯಾವ್ದು ಅಂತ ಗೊತ್ತಾಗತ್ತಾ?”

“ಓದೋಕೆ ಕರೀತಿರೋದು ರೀ, ಕಲಸೋಕಲ್ಲ.”

“ಸರಿ, ನಾನು ಹಳೇ ಕೋಡ್ ಓದ್ತೀನಿ, ನೀನು ಹಳೇ ಕಾಂಕ್ರೀಟ್ ಓದು.” ವೈಟುಕೆ, ಅಂದರೆ ಇಸವಿ ಎರಡು ಸಾವಿರದ ಕಂಪ್ಯೂಟರ್ ಗಡುವು, ಹತ್ತಿರ ಬಂದಿತ್ತು. ಇವರ ಕಂಪನಿಯವರು ಯಾವುದೋ ಬ್ಯಾಂಕಿನ ಮೂವತ್ತು ವರ್ಷ ಹಳೆಯ ಪ್ರೋಗ್ರಾಮುಗಳಲ್ಲಿ ಎರಡಂಕಿಯ ಇಸವಿಗಳನ್ನು ಹುಡುಕುತ್ತಿದ್ದರು.

ಕೆಲಸ ಕೊಟ್ಟವರು ನಿವೃತ್ತಿಯ ಅಂಚಿನಲ್ಲಿದ್ದ ಸಂಶೋಧಕರು. ಎಲ್ಲರೂ ಅವರನ್ನು ಸೆನ್ಸೇ, ಗುರುಗಳೇ, ಎನ್ನುತ್ತಿದ್ದರು, ನಾನೂ ಹಾಗೇ ಎಂದೆ. ಅವರು ನನ್ನನ್ನು ‘ಒಕುಸಾನ್’ ಎಂದು, ಅಂದರೆ ಮನೆಯೊಡತಿ ಎಂದು, ಕರೆದರು. ನಮ್ಮಿಬ್ಬರ ನಡುವೆ ಇದ್ದದ್ದು ಇಂಗ್ಲಿಷ್. ಅವರು ಒಂದೊಂದು ವಾಕ್ಯವನ್ನು ಇಟ್ಟಿಗೆ ಇಟ್ಟ ಹಾಗೆ ಇಡುತ್ತಿದ್ದರು.

“ಕಟ್ಟಡ ಈಗಲೂ ನಿಂತಿದೆ. ರಸ್ತೆ ಅಗಲ ಆಗಬೇಕು. ನಗರಸಭೆ ಕೆಡವಬೇಕು ಎನ್ನುತ್ತದೆ. ಗೋಡೆ ಗಟ್ಟಿ ಎಂದು ಹೋದ ವರ್ಷ ತೋರಿಸಿದೆವು. ಮೇಲಿನ ಅಂತಸ್ತಿನ ನೆಲವೂ ಗಟ್ಟಿ ಎಂದು ತೋರಿಸಿದರೆ ರಸ್ತೆಯನ್ನು ಸ್ವಲ್ಪ ಬಾಗಿಸುತ್ತಾರೆ. ಇಲ್ಲದಿದ್ದರೆ ಕಟ್ಟಡ ಇಲ್ಲ.”

ಆ ಮೇಲಿನ ಅಂತಸ್ತಿನಲ್ಲಿ ಕಟ್ಟಡದ ಒಡತಿ, ಎಪ್ಪತ್ತು ದಾಟಿದ ಹೆಂಗಸು, ಮಕ್ಕಳಿಗೆ ಜಪಾನೀ ನೃತ್ಯ ಕಲಿಸುತ್ತಿದ್ದರು. ನಲವತ್ತು ವರ್ಷಗಳಿಂದ ವಾರಕ್ಕೆ ಮೂರು ದಿನ. ಬೇರೆ ಮನೆ ಅವರಿಗಿರಲಿಲ್ಲ, ನೃತ್ಯದ ಹಾಲ್‌ನ ಹಿಂದಿನ ಎರಡು ಕೋಣೆಯಲ್ಲೇ ವಾಸ.

ಸೆನ್ಸೇ ಹಾಕಿದ ನಿಯಮ ಒಂದೇ. ಇದ್ದದ್ದನ್ನು ಇದ್ದ ಹಾಗೆ ಟೈಪ್ ಮಾಡಬೇಕು. ಕಾಗುಣಿತ ತಪ್ಪಿದ್ದರೂ ತಿದ್ದಬಾರದು. ಓದಲಾಗದ ಕಡೆ ಊಹಿಸಬಾರದು, ಚುಕ್ಕಿ ಇಡಬೇಕು.

ಮೊದಲ ಮೂರು ವಾರ ದಿನಕ್ಕೆ ನಾಲ್ಕು ಪುಟ ದಾಟಲಿಲ್ಲ. ಅಕ್ಷರ ತಿಳಿಯುತ್ತಿತ್ತು, ವಿಷಯ ತಿಳಿಯುತ್ತಿರಲಿಲ್ಲ. ಅವನ ಒಂದು ಮತ್ತು ಏಳು ಅವಳಿಗಳ ಹಾಗಿದ್ದವು. ಸಿಮೆಂಟು ಪೀಪಾಯಿಗಳಲ್ಲಿ ಹಡಗಿನಿಂದ ಬರುತ್ತಿತ್ತು. ಮರಳು, ಒಡೆದ ಇಟ್ಟಿಗೆ, ಹೊಳೆಗಲ್ಲು ಇವನ್ನು ಅವನು ಬುಶೆಲ್ ಎಂಬ ಹಳೆಯ ಕೊಳಗದಲ್ಲಿ ಅಳೆಯುತ್ತಿದ್ದ. ಮರಳಿನ ಹದಿನಾರು ಬುಶೆಲನ್ನು ನಾನು ಎಪ್ಪತ್ತಾರು ಎಂದು ಟೈಪ್ ಮಾಡಿದ ದಿನ ಸೆನ್ಸೇ ಹಾಳೆ ಹಿಡಿದು ಬಂದರು.

“ಒಕುಸಾನ್, ಈ ಲೆಕ್ಕದಲ್ಲಿ ಕಟ್ಟಿದ್ದರೆ ಇದು ಮೊದಲ ಮಳೆಗೇ ಕರಗಿ ಹೋಗುತ್ತಿತ್ತು.”

“ತಪ್ಪಾಯಿತು. ಏಳಲ್ಲ, ಒಂದು.”

“ಸಂತೋಷ. ಕಟ್ಟಡ ಮತ್ತೆ ಎದ್ದು ನಿಂತಿತು.”

ಅವರು ನಗುತ್ತಿದ್ದುದು ಕಣ್ಣಿನಲ್ಲಿ ಮಾತ್ರ. ಮರುದಿನ ನನ್ನನ್ನು ಕೆಳಗಿನ ಶೆಡ್ಡಿಗೆ ಕರೆದುಕೊಂಡು ಹೋಗಿ, ನಾನು ಟೈಪ್ ಮಾಡಿದ ಅಳತೆಯಲ್ಲೇ ಮಿಶ್ರಣ ಕಲಸಿಸಿದರು. ಒಂದು ಪಾಲು ಸಿಮೆಂಟು, ಎರಡು ಮರಳು, ನಾಲ್ಕು ಇಟ್ಟಿಗೆ ಚೂರು. ಅದನ್ನು ಉಕ್ಕಿನ ಡಬ್ಬಿಗಳಲ್ಲಿ ತುಂಬಿ, ಕೋಲಿನಿಂದ ಕುಟ್ಟಿ, ಮರುದಿನ ಬಿಡಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಇಪ್ಪತ್ತೆಂಟು ದಿನ ಕಾಯಬೇಕು ಎಂದರು. ಉಪ್ಪಿನಕಾಯಿಯ ಭರಣಿಯ ಹಾಗೆ ಅವುಗಳ ಮೇಲೂ ತಾರೀಖಿನ ಚೀಟಿ ಇತ್ತು.

ಆ ಕಾಲದ ನೆಲ ಹೇಗೆ ಕಟ್ಟುತ್ತಿದ್ದರು ಎಂಬುದನ್ನೂ ಅವರೇ ಕಾಗದದ ಮೇಲೆ ಬರೆದು ತೋರಿಸಿದರು. ಗೋಡೆಯಿಂದ ಗೋಡೆಗೆ ಕಬ್ಬಿಣದ ತೊಲೆಗಳು. ತೊಲೆಗಳ ಕೆಳಗೆ ಹಲಗೆ ಕಟ್ಟಿ ಸೆಂಟ್ರಿಂಗ್. ಮೇಲಿನಿಂದ ಕಾಂಕ್ರೀಟ್ ಸುರಿದು ದಮ್ಮಸ್ಸು. ತೊಲೆ ಪೂರ್ತಿ ಕಾಂಕ್ರೀಟಿನೊಳಗೆ ಹೂತು ಹೋಗುತ್ತದೆ, ಬೆಂಕಿ ತಗುಲುವುದಿಲ್ಲ. “ವಿಕ್ಟೋರಿಯಾ ಕಾಲದವರಿಗೆ ಬೆಂಕಿಯ ಭಯ ಹೆಚ್ಚು,” ಎಂದರು. “ಆದರೆ ಕೆಲವರು ಸಿಮೆಂಟು ಉಳಿಸಲು ಕುಲುಮೆಯ ಬೂದಿ, ಕಿಟ್ಟ ಬೆರೆಸುತ್ತಿದ್ದರು. ಅದರಲ್ಲಿ ಗಂಧಕ ಇರುತ್ತದೆ. ಅದು ಒಳಗಿನ ಕಬ್ಬಿಣವನ್ನು ನಿಧಾನವಾಗಿ ತಿನ್ನುತ್ತದೆ. ನಮ್ಮವನು ಹಾಗೆ ಮಾಡಿಲ್ಲ. ನೀವೇ ಓದುತ್ತಿದ್ದೀರಲ್ಲ.”

ಹೌದು, ನಾನೇ ಓದುತ್ತಿದ್ದೆ. ನವೆಂಬರಿನ ಹೊತ್ತಿಗೆ ದಿನಕ್ಕೆ ಹತ್ತು ಪುಟ ಮುಗಿಯುತ್ತಿತ್ತು. ದಿನಚರಿಯಲ್ಲಿ ಅಲ್ಲಲ್ಲಿ ಅವನು ಗೆರೆ ಎಳೆದು ಹೊಡೆದುಹಾಕಿದ ಸಾಲುಗಳಿದ್ದವು. ಹೆಚ್ಚಿನವು ಒಂದೋ ಎರಡೋ ಪದ, ತಪ್ಪು ಕೂಡಿಸಿದ ಅಂಕಿ. ಅವನ್ನು ಬಿಟ್ಟು ಮುಂದೆ ಹೋದೆ. ಅದರ ಬಗ್ಗೆ ನಾನು ಯಾರನ್ನೂ ಕೇಳಲಿಲ್ಲ, ಕೇಳಬೇಕು ಎಂದೂ ತೋಚಲಿಲ್ಲ. ಕಾನ್ವೆಂಟಿನಲ್ಲಿ ನಮಗೆ ಎರಡು ಪುಸ್ತಕ ಇರುತ್ತಿದ್ದವು. ರಫ್ ಪುಸ್ತಕದಲ್ಲಿ ಗೆರೆ ಎಳೆದದ್ದು ಫೇರ್ ಪುಸ್ತಕಕ್ಕೆ ಬರಕೂಡದು. ಹೊಡೆದುಹಾಕಿದ್ದನ್ನು ಇಣುಕಿ ಓದುವುದು ಇನ್ನೊಬ್ಬರ ಕಾಗದ ಒಡೆದು ನೋಡಿದ ಹಾಗೆ ಎಂದು ಸಿಸ್ಟರ್ ಹೇಳುತ್ತಿದ್ದರು. ಬರೆದವರು ಅದನ್ನು ಹಿಂದಕ್ಕೆ ತೆಗೆದುಕೊಂಡಾಯಿತಲ್ಲ, ನಮಗೇನು ಅಧಿಕಾರ? ಇಪ್ಪತ್ತು ವರ್ಷದ ಮೇಲೂ ನನ್ನ ಕಣ್ಣು ಅಂಥ ಗೆರೆಯ ಮೇಲೆ ನಿಲ್ಲುತ್ತಿರಲಿಲ್ಲ.

ಮೇಲಿನ ನೆಲಕ್ಕೆ ಎಂಟು ಅಂಕಣ, ಅಂದರೆ ಎಂಟು ಭಾಗ. ದಕ್ಷಿಣದ ನಾಲ್ಕರ ಕೆಲಸ ವಿವರವಾಗಿತ್ತು. ಉತ್ತರದ ನಾಲ್ಕಕ್ಕೆ ನನ್ನ ಟೈಪಿನಲ್ಲಿ ಎರಡೇ ವಾಕ್ಯ ಬಂದಿದ್ದವು: ಉತ್ತರದ ಅಂಕಣಗಳಿಗೆ ಕಾಂಕ್ರೀಟ್ ಹಾಕಲಾಯಿತು. ಮಿಶ್ರಣ ಮೊದಲಿನಂತೆಯೇ.

ಇಪ್ಪತ್ತೆಂಟು ದಿನ ಆದ ಮೇಲೆ ತೊಟ್ಟಿಯಿಂದ ತೆಗೆದ ಡಬ್ಬಿಯ ಕಾಂಕ್ರೀಟನ್ನು ಯಂತ್ರಕ್ಕೆ ಕೊಟ್ಟು ಒಡೆದರು. ಮುಳ್ಳು ಏರುತ್ತ ಹೋಯಿತು. ಸೆನ್ಸೇ ಕೈ ಕಟ್ಟಿಕೊಂಡು ನಿಂತಿದ್ದರು. ಕೊನೆಗೆ ಫಟ್ಟೆಂದು ಒಡೆದಾಗ ಅವರು ತಲೆ ಬಾಗಿಸಿದರು, ಯಾರಿಗೋ ವಂದಿಸಿದ ಹಾಗೆ. ಬಂದರಿನ ಕಟ್ಟಡದಲ್ಲಿ ದಕ್ಷಿಣದ ಎರಡು ಅಂಕಣಗಳಿಂದ ಕೊಳವೆ ಡ್ರಿಲ್ಲಿನಿಂದ ಮಾದರಿ ತೆಗೆದರು. ಅವೂ ಅಷ್ಟೇ ಗಟ್ಟಿ. ಉತ್ತರದ ಕಡೆ ಒಡತಿಯ ನೃತ್ಯವೇದಿಕೆ ಇತ್ತು. ಗಂಡ ಹಾಸಿಕೊಟ್ಟ ಹಿನೋಕಿ ಮರದ ಹಲಗೆ, ಅದನ್ನು ಕೊರೆಯುವುದು ಬೇಡ ಎಂದು ಅವರು ಕೈ ಮುಗಿದರು. ಮಿಶ್ರಣ ಒಂದೇ ಎಂದು ದಿನಚರಿಯಲ್ಲಿ ಇದೆಯಲ್ಲ, ಬೇಕಿಲ್ಲ ಎಂದು ಸೆನ್ಸೇ ಒಪ್ಪಿದರು. ವರದಿ ಬರೆದರು. ಅದರ ಕೊನೆಗೆ ನನ್ನ ಟೈಪಿನ ಪುಟಗಳನ್ನು ಸೇರಿಸಿದರು.

ವರದಿ ನಗರಸಭೆಗೆ ಹೋಗಲು ಎಂಟು ದಿನ ಇರುವಾಗ ಅದನ್ನು ತೋರಿಸಲು ಒಡತಿಯ ಬಳಿಗೆ ಹೋದೆವು. ಆ ಕಟ್ಟಡವನ್ನು ನಾನು ನೋಡಿದ್ದು ಅದೇ ಮೊದಲು. ಮೇಲೆ ತರಗತಿ ನಡೆಯುತ್ತಿತ್ತು. ಹತ್ತು ಹನ್ನೆರಡು ಹೆಣ್ಣುಮಕ್ಕಳು ಬಿಳಿ ಕಾಲುಚೀಲ ತೊಟ್ಟು ಒಟ್ಟಿಗೆ ನೆಲಕ್ಕೆ ಹೆಜ್ಜೆ ಬಡಿಯುತ್ತಿದ್ದರು. ಪಾಠ ಮುಗಿಯುವವರೆಗೆ ನಾವು ಕೆಳಗಿನ ಉಗ್ರಾಣದಲ್ಲಿ ಕಾದೆವು. ಸೆನ್ಸೇ ಫೈಲು ನೋಡುತ್ತಿದ್ದರು. ನನಗೆ ಮಾಡಲು ಕೆಲಸ ಇರಲಿಲ್ಲ, ಮೇಲೆ ನೋಡುತ್ತ ಕೂತೆ.

ಚಾವಣಿಯ ಗಾರೆಗೆ ಎಷ್ಟೋ ಸಲ ಬಣ್ಣ ಬಳಿದಿದ್ದರು. ಆದರೂ ಉತ್ತರದ ಅರ್ಧದಲ್ಲಿ ಕಂದು ಕಲೆಗಳು ಮೇಲೆದ್ದಿದ್ದವು.

“ಸೆನ್ಸೇ, ಅದೇನು?”

“ಹಳೆಯ ಸೋರಿಕೆ. ಪರಿಶೀಲನೆಯವರು ಬರೆದಿದ್ದಾರೆ.”

ಸೋರಿದ ಕಲೆ ನನಗೆ ಗೊತ್ತು. ಮೈಸೂರಿನ ಮನೆಯ ತಾರಸಿಯಲ್ಲಿ ಪ್ರತಿ ವರ್ಷ ನೋಡಿದ್ದೇನೆ. ಅದು ಭೂಪಟದ ಹಾಗೆ ಹರಡುತ್ತದೆ, ಅಂಚಿನಲ್ಲಿ ಗಾಢವಾಗಿರುತ್ತದೆ. ಇವು ನೇರ ಗೆರೆಗಳು. ಒಂದರ ಪಕ್ಕ ಒಂದು, ಒಂದೇ ಅಂತರ, ಕೂದಲೆಳೆಯಷ್ಟು ಬಿರುಕಿನ ಜೊತೆಗೆ. ಸೆನ್ಸೇ ಬರೆದು ತೋರಿಸಿದ ಚಿತ್ರದಲ್ಲಿ ತೊಲೆಗಳು ಇದ್ದದ್ದೂ ಹೀಗೆಯೇ. ದಕ್ಷಿಣದ ಅರ್ಧದಲ್ಲಿ ಒಂದೂ ಇರಲಿಲ್ಲ.

ಪಾಠ ಮುಗಿಯಿತು. ಒಡತಿ ಕೆಳಗಿಳಿದು ಬಂದು ಚಹಾ ಕೊಟ್ಟರು. ವರದಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಯವರೆಗೆ ಎತ್ತಿದರು. ಸೆನ್ಸೇ ನನ್ನ ಕಡೆ ತೋರಿಸಿ ಏನೋ ಹೇಳಿದರು. ಒಡತಿ ನನಗೂ ಬಾಗಿ “ಅರಿಗಾತೋ” ಎಂದು ಕೃತಜ್ಞತೆ ಹೇಳಿದರು. ನಾನೂ ಬಾಗಿದೆ.

ಮರುದಿನ ಭಾನುವಾರ. ಮಧ್ಯಾಹ್ನದ ಊಟ ಮುಗಿಸಿ, ಉತ್ತರದ ಅಂಕಣದ ಜೆರಾಕ್ಸ್ ಹಾಳೆಯನ್ನು ಊಟದ ಮೇಜಿನ ಮೇಲೆ ಹರಡಿದೆ. ‘ಉತ್ತರದ ಅಂಕಣಗಳಿಗೆ ಕಾಂಕ್ರೀಟ್ ಹಾಕಲಾಯಿತು’ ಎಂಬುದಕ್ಕೂ ಮುಂದಿನ ವಾಕ್ಯಕ್ಕೂ ನಡುವೆ ಹೊಡೆದುಹಾಕಿದ ಆರು ಸಾಲುಗಳಿದ್ದವು. ಪ್ರತಿ ಸಾಲಿಗೂ ಒಂದೇ ಒಂದು ತೆಳು ಗೆರೆ, ಸ್ಕೇಲಿಟ್ಟು ಎಳೆದದ್ದು. ಓದಲು ಭೂತಗನ್ನಡಿಯೇ ಬೇಕಿರಲಿಲ್ಲ. ಹಡಗು ಬಂದಿಲ್ಲ, ಸಿಮೆಂಟು ಮುಗಿದಿದೆ. ಮಾಲೀಕರು ಕಾಯಲು ಒಪ್ಪುತ್ತಿಲ್ಲ. ಅವರ ಅಪ್ಪಣೆಯಂತೆ ಉತ್ತರದ ನಾಲ್ಕಕ್ಕೂ ಸುಣ್ಣ, ಹಡಗಿನ ಕುಲುಮೆಯ ಬೂದಿ ಮತ್ತು ಕಿಟ್ಟ. ನನಗೆ ಇದು ಸರಿ ಕಾಣುವುದಿಲ್ಲ. ಅದರ ಕೆಳಗೆ, ಬೇರೆ ಶಾಯಿಯಲ್ಲಿ, ‘ಮಿಶ್ರಣ ಮೊದಲಿನಂತೆಯೇ.’

ಮಗಳು ಪಕ್ಕದಲ್ಲಿ ಕಾಗದ ಮಡಚುತ್ತಿದ್ದಳು. “ಮಮ್ಮಾ, ದೈಜೋಬು?” ಎಂದಳು. ಸರಿಯಿದ್ದೀಯಾ ಎಂದು ಕೇಳಿದ್ದು. ಏನೂ ಇಲ್ಲ ಪುಟ್ಟಿ ಎಂದೆ.

ಇವರು ಬಂದು ಹಾಳೆ ನೋಡಿದರು. ನಾನು ಎಲ್ಲವನ್ನೂ ಹೇಳಿದೆ.

“ಹೊಡೆದು ಹಾಕಿರೋದನ್ನ ನೀನು ಓದ್ಲೇ ಇಲ್ವಾ?” ಇವರ ದನಿಯಲ್ಲಿ ಬೈಗುಳ ಇರಲಿಲ್ಲ, ನಿಜವಾದ ಆಶ್ಚರ್ಯ ಇತ್ತು. “ನಾವು ಕಾಮೆಂಟ್ ಮಾಡಿ ಮುಚ್ಚಿರೋ ಕೋಡನ್ನೇ ಮೊದ್ಲು ಓದೋದು ಕಣೇ. ಯಾಕೆ ತೆಗೆದ್ರು ಅನ್ನೋದ್ರಲ್ಲೇ ಎಲ್ಲಾ ಇರತ್ತೆ.”

“ನಂಗೆ ಗೊತ್ತಾಗ್ಲಿಲ್ಲ ರೀ.”

ಇವರು ಕುರ್ಚಿ ಎಳೆದುಕೊಂಡು ಕೂತರು. “ನೋಡು, ನೂರು ವರ್ಷ ನಿಂತಿದೆ. ಇನ್ನೂ ನಿಂತ್ರೂ ನಿಲ್ಲತ್ತೆ. ನೀನು ಇಂಜಿನಿಯರ್ ಅಲ್ಲ. ಹೇಳಿದ್ರೆ ಆ ಅಜ್ಜಿ ಮನೆ ಹೋಗತ್ತೆ.”

“ಹೇಳ್ದೆ ಇದ್ರೆ?”

ನನ್ನ ಕಣ್ಣ ಮುಂದೆ ಇದ್ದದ್ದು ಆ ಬಿಳಿ ಕಾಲುಚೀಲಗಳು. ಉತ್ತರದ ಕಡೆಯ ವೇದಿಕೆಯ ಮೇಲೆ ಎಲ್ಲರೂ ಒಂದೇ ಸಲ ಹೆಜ್ಜೆ ಬಡಿದದ್ದು. ರಸ್ತೆ ಬಾಗಿಸಿ ಕಟ್ಟಡ ಉಳಿಸಿದರೆ ಅಲ್ಲಿ ಇನ್ನೂ ಹೆಚ್ಚು ಮಕ್ಕಳು ಬರುತ್ತಾರೆ, ನನ್ನ ಟೈಪಿನ ಪುಟವನ್ನು ನಂಬಿಕೊಂಡು.

ಇವರು ಹಾಳೆಯನ್ನು ಮಡಚದೆ ಕವರಿನೊಳಗೆ ಸೇರಿಸಿ ನನ್ನ ಕೈಗಿತ್ತರು. “ನಾಳೆ ಬೆಳಗ್ಗೇನೇ ಹೋಗು. ಪುಟ್ಟಿನ ನಾನು ಬಿಡ್ತೀನಿ.”

ಸೆನ್ಸೇ ಆ ಹಾಳೆಯನ್ನು ಕಿಟಕಿಗೆ ಹಿಡಿದು, ನಾನು ಹೇಳಿಕೊಟ್ಟ ಹಾಗೆ ಒಂದೊಂದು ಪದ ಓದಿದರು. ಓದಿ ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದಿದರು. ಇಂಥ ಬಿಟ್ಟ ಸಾಲುಗಳು ಬೇರೆ ಎಷ್ಟಿವೆ ಎಂದು ಕೇಳಿದರು. ನಲವತ್ತರ ಹತ್ತಿರ ಇರಬಹುದು, ಬೇರೆಲ್ಲ ಸಣ್ಣವು ಎಂದೆ. ಬೈಯುತ್ತಾರೆ ಎಂದು ಕಾಯುತ್ತಿದ್ದೆ. ಅವರು ಎದ್ದು ನಿಂತು, “ಸುಮಿಮಾಸೆನ್” ಎಂದು ಕ್ಷಮೆ ಕೇಳಿ ನನಗೆ ತಲೆಬಾಗಿದರು.

“ಇದ್ದದ್ದು ಇದ್ದ ಹಾಗೆ ಎಂದೆ. ಹೊಡೆದದ್ದೂ ಇದ್ದದ್ದೇ ಎಂದು ಹೇಳಲಿಲ್ಲ. ಮೂಲವನ್ನು ಒಂದು ಸಲವೂ ನಿಮ್ಮ ಪಕ್ಕ ಕೂತು ನೋಡಲಿಲ್ಲ. ಕಲೆಯನ್ನು ಸೋರಿಕೆ ಎಂದು ನಂಬಿದೆ. ಯಾಕೆಂದರೆ ಗಟ್ಟಿ ಎಂದು ಬರಲಿ ಎಂಬ ಆಸೆ ನನಗಿತ್ತು.” ಆಮೇಲೆ ಕುಳಿತು, ಬೇರೆ ಯಾವುದೋ ದನಿಯಲ್ಲಿ ಕೇಳಿದರು: “ಅವನು ಪುಟ ಹರಿದು ಹಾಕಬಹುದಿತ್ತು. ಯಾಕೆ ಇಷ್ಟು ತೆಳುವಾಗಿ ಹೊಡೆದ?”

ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಮಸಿ ಬಳಿದು ಮುಚ್ಚಲು ಅವನ ಕೈಯಲ್ಲಿ ಆಗುತ್ತಿತ್ತು, ಹಾಗೆ ಮಾಡಲಿಲ್ಲ ಎಂಬುದಷ್ಟೇ ಕಾಣುತ್ತದೆ.

ವರದಿ ನಗರಸಭೆಗೆ ಹೋಗಲಿಲ್ಲ. ಅದೇ ವಾರ ಉತ್ತರದ ವೇದಿಕೆಯ ಹಲಗೆ ಬಿಚ್ಚಿದರು. ಡ್ರಿಲ್ಲಿನವನು ಕೊಳವೆ ಇಳಿಸಿ ಐದು ನಿಮಿಷ ಆಗಿರಲಿಲ್ಲ, ಯಂತ್ರ ನಿಲ್ಲಿಸಿ ಸೆನ್ಸೇಯ ಕಡೆ ನೋಡಿದ. ದಕ್ಷಿಣದಲ್ಲಿ ಒಂದು ತೂತಿಗೆ ಗಂಟೆ ಹಿಡಿದಿತ್ತು. ಕೊಳವೆಯಿಂದ ಹೊರಬಂದದ್ದು ಕಂಬದಂಥ ಮಾದರಿಯಲ್ಲ, ಬೂದು ಕಪ್ಪು ಪುಡಿ, ನಡುವೆ ಕಿಟ್ಟದ ಗಂಟುಗಳು. ತೂತಿನೊಳಗೆ ಟಾರ್ಚ್ ಬಿಟ್ಟಾಗ ತೊಲೆ ಕಂಡಿತು. ಕಬ್ಬಿಣ ಚಿರೋಟಿಯ ಹಾಗೆ ಪದರ ಪದರವಾಗಿ ಉಬ್ಬಿ ಎದ್ದಿತ್ತು. ಡ್ರಿಲ್ಲಿನವನು ಬೆರಳಿನಿಂದ ಒಂದು ಪದರ ಕಿತ್ತು ಕಾಗದದ ಮೇಲಿಟ್ಟ.

ಒಡತಿ ಬಾಗಿಲ ಬಳಿ ಮಂಡಿಯೂರಿ ಕುಳಿತಿದ್ದರು. ಆ ಸಾಲುಗಳನ್ನು ನನ್ನ ಬಾಯಿಂದಲೇ ಕೇಳಬೇಕು ಎಂದರಂತೆ. ನಾನು ಇಂಗ್ಲಿಷಿನಲ್ಲಿ ಓದಿದೆ, ಸೆನ್ಸೇ ಜಪಾನೀಯಲ್ಲಿ ಹೇಳುತ್ತ ಹೋದರು. ಮುಗಿದ ಮೇಲೆ ಅವರು ಕೇಳಿದ್ದು ಒಂದೇ.

“ಮೊದಲ ಸಲ ಓದುವಾಗ ಇದು ಇರಲಿಲ್ಲವೇ?”

“ಇತ್ತು. ನಾನು ಬಿಟ್ಟೆ.”

ಸೆನ್ಸೇ ಇದನ್ನು ಅನುವಾದಿಸಲು ತಡವರಿಸಿದರು. ನಾನೇ ನನ್ನ ಹರುಕು ಜಪಾನೀಯಲ್ಲಿ ಹೇಳಿದೆ. ಒಡತಿ ಎದ್ದು ಹೋಗಿ ಆ ದಿನ ಬರಬೇಕಿದ್ದ ಮಕ್ಕಳ ಮನೆಗಳಿಗೆ ಒಂದೊಂದಾಗಿ ಫೋನ್ ಮಾಡತೊಡಗಿದರು. ಒಳಕೋಣೆಯಿಂದ ಅವರ ದನಿ ಕೇಳುತ್ತಲೇ ಇತ್ತು. ಪ್ರತಿ ಮನೆಗೂ ಅದೇ ಮಾತು, ಅದೇ ಕ್ಷಮೆ.

ಉತ್ತರದ ಅರ್ಧವನ್ನು ಮಾತ್ರ ತೆಗೆದು ಹೊಸ ನೆಲ ಹಾಕಬಹುದು ಎಂದು ಸೆನ್ಸೇ ನಗರಸಭೆಯಲ್ಲಿ ಎರಡು ಸಲ ವಾದಿಸಿದರು. ಕೆಲವು ವರ್ಷಗಳ ಹಿಂದಿನ ಭೂಕಂಪದ ನೆನಪು ಎಲ್ಲರಿಗೂ ಹಸಿಯಾಗಿತ್ತು. ಯಾರೂ ಸಹಿ ಹಾಕಲು ಮುಂದೆ ಬರಲಿಲ್ಲ. ವೈಟುಕೆ ಏನೂ ಆಗದೆ ದಾಟಿತು. ಇವರು ಎರಡು ದಿನ ನಿದ್ದೆ ಮಾಡಿದರು. ಫೆಬ್ರವರಿಯಲ್ಲಿ ಕೆಡವಲು ಶುರು ಮಾಡಿದರು.

ನಾನು ಎರಡು ಸಲ ಹೋದೆ. ಮೊದಲ ಸಲ ಹೋದಾಗ ಉತ್ತರದ ನೆಲ ಆಗಲೇ ಇರಲಿಲ್ಲ. ಒಂದೇ ಬೆಳಗಿನಲ್ಲಿ ಉದುರಿತು ಎಂದು ಕೆಲಸದವರು ಹೇಳಿದರು. ಎರಡನೆಯ ಸಲ ಹೋದದ್ದು ಹತ್ತು ದಿನದ ಮೇಲೆ. ದಕ್ಷಿಣದ ನಾಲ್ಕು ಅಂಕಣ ಇನ್ನೂ ನಿಂತಿದ್ದವು. ಯಂತ್ರದ ಉಕ್ಕಿನ ಮೊನೆ ಬಡಿಯುತ್ತಿತ್ತು, ನಿಲ್ಲುತ್ತಿತ್ತು, ಜಾಗ ಬದಲಿಸಿ ಮತ್ತೆ ಬಡಿಯುತ್ತಿತ್ತು. ಒಂದು ಮೊನೆ ಮುರಿದು ಬದಲಿಸಿದ್ದರಂತೆ. ಬೇಲಿಯ ಹೊರಗೆ ಒಡತಿ ಕೋಟು ಹಾಕಿಕೊಂಡು ನಿಂತಿದ್ದರು. ದಿನಾ ಬರುತ್ತಾರೆ ಎಂದು ಕಾವಲಿನವನು ಹೇಳಿದ.

ಹಿಂದಿರುಗಿ ಹೋಗೋಣ ಎನಿಸಿತು. ಅಷ್ಟರಲ್ಲಿ ಅವರು ನನ್ನನ್ನು ಕಂಡು ಸ್ವಲ್ಪ ಸರಿದು ಜಾಗ ಬಿಟ್ಟರು. ಪಕ್ಕದಲ್ಲಿ ನಿಂತೆ. ಬಹಳ ಹೊತ್ತಿನ ಮೇಲೆ, ನನಗೆ ತಿಳಿಯಲೆಂದು ನಿಧಾನವಾದ ಜಪಾನೀಯಲ್ಲಿ ಕೇಳಿದರು.

“ಈ ಕಡೆಯದನ್ನು ಕಟ್ಟಿದವರು ಬೇರೆ ಜನವೇ?”

“ಅಲ್ಲ. ಅದೇ ಜನ.”

ಅವರು ತಲೆಯಾಡಿಸಿದರು. ಯಂತ್ರ ಮತ್ತೆ ಬಡಿಯಿತು. ಒಂದಿಷ್ಟು ಇಟ್ಟಿಗೆ ಚೂರು ಹಾರಿತು, ನೆಲ ಅಲುಗಲಿಲ್ಲ. ಮಧ್ಯಾಹ್ನದ ಬಿಡುವಿಗೆ ಯಂತ್ರ ನಿಲ್ಲುವವರೆಗೂ ನಾವಿಬ್ಬರೂ ಅಲ್ಲೇ ಇದ್ದೆವು.